ಪಿಎನ್‌ಜಿ ಒಂದನ್ನೇ ಓದಲ್ಲ ಅಂದ ಟೆಸರಾಕ್ಟ್

ಅಜ್ಜನ ಭಜನೆ ಪುಸ್ತಕದ 64 ಪುಟಗಳ ಸ್ಕ್ಯಾನ್ ಮುಗಿದು ಎರಡು ವಾರವಾಯಿತು. ಅಜ್ಜ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಈ ಪುಸ್ತಕವೂ ಅವರೇ ಜೋಡಿಸಿದ್ದು. ಇದರಲ್ಲಿರುವುದನ್ನೆಲ್ಲ ಕೈಯಿಂದ ಟೈಪ್ ಮಾಡದೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಎಂಬ ಪ್ರೋಗ್ರಾಮಿನಿಂದ ಓದಿಸಬೇಕು ಅನ್ನೋದು ನನ್ನ ಹಟ.

ಲ್ಯಾಪ್‌ಟಾಪಿನಲ್ಲಿ ಉಬುಂಟು 20.04 ಇದೆ. ಅದರ ಜೊತೆ ಬರುವುದು ಟೆಸರಾಕ್ಟ್ 4.1.1. ಕೆಲಸ ಮಾಡುತ್ತಿತ್ತು, ಆದರೆ ನಿಧಾನ. 2021ರ ನವೆಂಬರಿನಲ್ಲಿ ಬಂದ 5.0ದಲ್ಲಿ ಲೆಕ್ಕಗಳನ್ನು ಡಬಲ್ ಎಂಬ ದೊಡ್ಡ ಅಳತೆಯ ಸಂಖ್ಯೆ ಬಿಟ್ಟು ಅರ್ಧ ಜಾಗ ಸಾಕಾಗುವ ಫ್ಲೋಟ್‌ನಲ್ಲಿ ಮಾಡುತ್ತಾರೆ. ಮೆಮೊರಿ ಕಡಿಮೆ ಸಾಕು, ವೇಗ ಜಾಸ್ತಿ. 4 ಜಿಬಿ ರ‍್ಯಾಮ್ ಇರೋ ನನ್ನಂಥವನಿಗೆ ಇಷ್ಟು ಆಸೆ ಸಾಕಲ್ವಾ? ಸೋರ್ಸ್ (ಮೂಲ ಕೋಡ್) ಇಳಿಸಿಕೊಂಡು ಕಂಪೈಲ್ ಮಾಡಲು, ಅಂದರೆ ಅದರಿಂದ ಓಡುವ ಪ್ರೋಗ್ರಾಮ್ ತಯಾರಿಸಲು, ಕೂತೆ.

ಇಲ್ಲೇ ಒಂದು ಹೆಚ್ಚಿನ ಬುದ್ಧಿ ಓಡಿಸಿದೆ. ಟೆಸರಾಕ್ಟ್ ಚಿತ್ರಗಳನ್ನು ತಾನೇ ತೆರೆಯುವುದಿಲ್ಲ. ಆ ಕೆಲಸ ಲೆಪ್ಟೋನಿಕಾ ಎಂಬ ಲೈಬ್ರರಿಯದು (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್). 5ಕ್ಕೆ ಲೆಪ್ಟೋನಿಕಾ 1.74 ಇದ್ದರೂ ನಡೆಯುತ್ತದೆ, ನನ್ನಲ್ಲಿ 1.79 ಇತ್ತು. ಆದರೂ ಹೇಗೂ ಕೈ ಹಾಕಿದ್ದೇನೆ, ಇದೂ ಹೊಸದಾಗಲಿ ಅಂತ ಸುಮ್ನೆ 1.82 ತಂದು ಮೊದಲು ಅದನ್ನೇ ಕಂಪೈಲ್ ಮಾಡಿದೆ.

ಶನಿವಾರ ಸಂಜೆ ಎರಡೂ ಮುಗಿದವು. ವರ್ಷನ್ ಕೇಳಿದರೆ ಇನ್ನೂ 4.1.1 ಅನ್ನುತ್ತದೆ! ಇದು ನಾವು ಕೊಟ್ಟ ಕಮಾಂಡ್ ಓಡಿಸುವ ಬ್ಯಾಶ್‌ನ ಚಾಳಿ: ಒಮ್ಮೆ ಓಡಿಸಿದ ಕಮಾಂಡ್ ಎಲ್ಲಿದೆ ಅಂತ ನೆನಪಿಟ್ಟುಕೊಂಡು ಮತ್ತೆ ಅಲ್ಲಿಗೇ ಹೋಗುತ್ತದೆ. 'ಹ್ಯಾಶ್ -ಆರ್' ಕೊಟ್ಟಾಗ ಮರೆಯಿತು. ಆಮೇಲೆ ಲಿಬ್‌ಟೆಸರಾಕ್ಟ್ 5ರ ಫೈಲ್ ಸಿಗುತ್ತಿಲ್ಲ ಅಂದಿತು. ಹೊಸ ಲೈಬ್ರರಿ ಎಲ್ಲಿದೆ ಅಂತ ಸಿಸ್ಟಮ್‌ಗೆ ತಿಳಿಸುವ 'ಎಲ್‌ಡಿಕಾನ್ಫಿಗ್' ಓಡಿಸುವುದನ್ನೇ ಬಿಟ್ಟಿದ್ದೆ. ಓಡಿಸಿದೆ, ಸರಿಹೋಯಿತು. ಮುಂದಿನ ತಕರಾರು ಕನ್ನಡ ಅಕ್ಷರ ಗುರುತಿಸಲು ಬೇಕಾದ ಟ್ರೇನ್ಡ್‌ಡೇಟಾ ಫೈಲ್ ಇಲ್ಲ ಅಂತ. ಸೋರ್ಸ್‌ನಲ್ಲಿ ಭಾಷೆಗಳ ಫೈಲ್ ಇರುವುದಿಲ್ಲ, 4.1.1ರ ಹಳೆಯ ಫೋಲ್ಡರ್ ಹೊಸ ಟೆಸರಾಕ್ಟ್‌ಗೆ ಗೊತ್ತಿಲ್ಲ. 'ಬೆಸ್ಟ್' ಮಾದರಿಯ ಕನ್ನಡ ಫೈಲ್ ತಂದು ಹೊಸ ಟೆಸ್‌ಡೇಟಾ ಫೋಲ್ಡರಿಗೆ ಹಾಕಿದೆ.

ಇಷ್ಟಾದ ಮೇಲೆ ನಿಜವಾದ ಕಾಟ ಶುರುವಾಯಿತು. ಪಿಎನ್‌ಜಿ ಚಿತ್ರವಾಗಿರುವ ಸ್ಕ್ಯಾನ್ ಕೊಟ್ಟರೆ 'ಪಿಕ್ಸ್‌ರೀಡ್‌ಸ್ಟ್ರೀಮ್‌ಪಿಎನ್‌ಜಿ: ಫಂಕ್ಷನ್ ನಾಟ್ ಪ್ರೆಸೆಂಟ್' (ಪಿಎನ್‌ಜಿ ಓದುವ ಕೋಡ್ ಇಲ್ಲ) ಅಂತ ಬರುತ್ತದೆ. ಟೆಸರಾಕ್ಟ್ ಕೆಟ್ಟಿದೆ ಅಂತ ಅದನ್ನೇ ಎರಡು ಸಲ ಮತ್ತೆ ಕಂಪೈಲ್ ಮಾಡಿದೆ. ಒಂದೊಂದು ಸಲಕ್ಕೂ ಅರ್ಧ ಗಂಟೆ. ಎರಡನೇ ಸಲ ನಡುವೆ ಕರೆಂಟೂ ಹೋಯಿತು, ಬ್ಯಾಟರಿ ಮೊದಲೇ ಸತ್ತಿದೆ. ಅಪ್ಪ ಚಹಾ ಹಿಡಿದು ಬಂದು ನೋಡಿದರು.

"ಮೊದಲಿಂದು ಛಲೋ ನಡದಿತ್ತಲ್ಲೋ, ಯಾಕ ಕೆದರಾಕ ಹೋದಿ?"

ಉತ್ತರ ಇರಲಿಲ್ಲ. ಆದರೆ ಆ ಮಾತಿನಿಂದಲೇ ಹಳೆಯ 4.1.1 ಇನ್ನೂ ಅಳಿಸಿಲ್ಲ ಅನ್ನೋದು ಹೊಳೆಯಿತು. ಪೂರ್ತಿ ದಾರಿ ಬರೆದು ಅದನ್ನೇ ಓಡಿಸಿದೆ. ಅದೂ ಅದೇ ಎರರ್! ವಾರದ ಹಿಂದೆ ಇದೇ ಪುಟವನ್ನು ಓದಿದ್ದ ಪ್ರೋಗ್ರಾಮ್ ಅದು. ಮೊಬೈಲಿನಲ್ಲಿ ತೆಗೆದ ಜೆಪಿಜಿ ಕೊಟ್ಟೆ. ಎರಡೂ ಓದಿದವು.

ಅಂದರೆ ಟೆಸರಾಕ್ಟ್‌ನ ತಪ್ಪಲ್ಲ. ಪ್ರೋಗ್ರಾಮ್ ಯಾವ ಲೈಬ್ರರಿ ಬಳಸುತ್ತದೆ ಅಂತ ತೋರಿಸುವ 'ಎಲ್‌ಡಿಡಿ' ಹಾಕಿ ನೋಡಿದರೆ ಹಳೆಯದೂ ಹೊಸದೂ ನಾನು ಹಾಕಿದ 1.82ನ್ನೇ ಎಳೆದುಕೊಳ್ಳುತ್ತಿವೆ. ಎರಡು ಲೆಪ್ಟೋನಿಕಾದ ಫೈಲ್ ಹೆಸರೂ ಒಂದೇ, ಲೋಕಲ್ ಫೋಲ್ಡರಿನದು ಮೊದಲು ಸಿಗುತ್ತದೆ. ವರ್ಷನ್ ಕೇಳಿದಾಗ ಲೆಪ್ಟೋನಿಕಾ ಸಾಲಿನ ಕೆಳಗೆ ಲಿಬ್‌ಜೆಪೆಗ್, ಝಡ್‌ಲಿಬ್ ಇವೆ, ಪಿಎನ್‌ಜಿ ಓದಲು ಬೇಕಾದ ಲಿಬ್‌ಪಿಎನ್‌ಜಿ ಇಲ್ಲ. ಶನಿವಾರವೇ ಕಣ್ಣೆದುರಿಗಿತ್ತು. ನಾನು ಮೊದಲ ಸಾಲಿನ 5 ನೋಡಿ ಖುಷಿಪಟ್ಟು ಬಿಟ್ಟಿದ್ದೆ.

ಲ್ಯಾಪ್‌ಟಾಪಿನಲ್ಲಿ ಲಿಬ್‌ಪಿಎನ್‌ಜಿ ಇದೆ, ಕಂಪೈಲ್ ಮಾಡುವಾಗ ಬೇಕಾಗುವ ಅದರ ಡೆವ್ ಪ್ಯಾಕೇಜ್ ಇಲ್ಲ. ಕಂಪೈಲ್‌ಗೆ ಮೊದಲು ಏನೇನಿದೆ ಅಂತ ಪರೀಕ್ಷಿಸುವ ಕಾನ್ಫಿಗರ್ ಆ ಸಾಲಿನಲ್ಲಿ 'ನೋ' ಅಂತ ಬರೆದು ಮುಂದೆ ಹೋಗಿದೆ, ನಿಂತಿಲ್ಲ. ಪಿಎನ್‌ಜಿ ಓದುವ ಜಾಗದಲ್ಲಿ ಬರೀ ಖಾಲಿ ಫಂಕ್ಷನ್ ಇಟ್ಟು ಲೈಬ್ರರಿ ತಯಾರಾಗಿದೆ. ಕನಿಷ್ಠ ಕೊನೆಗಾದರೂ ಒಂದು ಮಾತು ಜೋರಾಗಿ ಹೇಳಬಾರದಿತ್ತೇ?

ಡೆವ್ ಪ್ಯಾಕೇಜ್ ಹಾಕಿ ಕಂಪೈಲ್ ಮಾಡಿಸುವ 'ಮೇಕ್' ಕೊಟ್ಟೆ. ಮಾಡಲು ಏನೂ ಇಲ್ಲ ಅಂದಿತು. ಹೌದು, ಮೊದಲು ಹಳೆಯ ಬಿಲ್ಡ್ ಅಳಿಸುವ ಮೇಕ್ ಕ್ಲೀನ್, ಆಮೇಲೆ ಮತ್ತೆ ಕಾನ್ಫಿಗರ್. ಈ ಸಲ ಔಟ್‌ಪುಟ್ಟನ್ನು ಒಂದು ಫೈಲಿಗೆ ಕಳಿಸಿ 'ನೋ' ಇರುವ ಸಾಲುಗಳನ್ನು ಹುಡುಕಿದೆ. ಟಿಫ್ ಎಂಬ ಇನ್ನೊಂದು ಚಿತ್ರ ಮಾದರಿಗೂ ಅದೇ ಗತಿಯಾಗಿತ್ತು. ಅದರ ಡೆವ್ ಪ್ಯಾಕೇಜನ್ನೂ ಹಾಕಿ ಇನ್ನೊಮ್ಮೆ ಕಾನ್ಫಿಗರ್ ಮಾಡಿದೆ. ಟೆಸರಾಕ್ಟ್ ಮುಟ್ಟಲೇ ಇಲ್ಲ. ಲೆಪ್ಟೋನಿಕಾ ಇನ್‌ಸ್ಟಾಲ್ ಆಗುತ್ತಲೇ ಹಳೆಯದು, ಹೊಸದು ಎರಡೂ ಪಿಎನ್‌ಜಿ ಓದಿದವು. ಬಿಲ್ಡ್ ಫೋಲ್ಡರನ್ನು ಅಳಿಸದೆ ಇಟ್ಟಿದ್ದೇನೆ, ಬೇಡವಾದಾಗ 'ಮೇಕ್ ಅನ್‌ಇನ್‌ಸ್ಟಾಲ್' ಮಾಡಲು ಅದು ಬೇಕು.

ಈಗ 12ನೇ ಪುಟದಲ್ಲಿದ್ದೇನೆ. ಮಸಿ ತುಂಬಿಕೊಂಡ ಮೊಳೆಗಳಿಂದಾಗಿ 'ಧ'ದ ಕೆಳಗಿನ ಸೀಳು ಮುಚ್ಚಿ 'ದ' ಆಗುತ್ತಿದೆ. 'ಮ' ಇರುವಲ್ಲಿ ಆಗಾಗ 'ವು' ಬರುತ್ತಿದೆ. ನಿನ್ನೆ ರಾತ್ರಿ ಅಪ್ಪ ಪಕ್ಕದಲ್ಲಿ ಕೂತು ಪುಸ್ತಕ ನೋಡುತ್ತ ಒಂದು ಭಜನೆ ಪದ ಹಾಡಿದರು, ನಾನು ಪರದೆ ನೋಡುತ್ತ ತಿದ್ದಿದೆ. ಒಂದು ಪುಟಕ್ಕೆ ಹದಿನಾಲ್ಕು ತಪ್ಪು.