ಕಾರವಾರದ ಚಪಲ್ ಕರಾಚಿಗೆ ಹೋಗಿರಲಿಲ್ಲ: ಬೆಳಗಾವಿ ಕಡೆಯಿಂದ ಯುದ್ಧನೌಕೆ, ನೌಕಾವಿಮಾನ ನೋಡಲು ಹೊರಡುವವರಿಗೆ

"ಕರಾಚಿ ಬಂದರು ಸುಟ್ಟ ಹಡಗನ್ನು ಕಣ್ಣಾರೆ ನೋಡಿ" ಎಂದು ಎರಡು ದಿನದ ಪ್ಯಾಕೇಜ್ ಮಾರುವವರು ಬೆಳಗಾವಿಯಲ್ಲೂ ಸಿಗುತ್ತಾರೆ, ಹುಬ್ಬಳ್ಳಿಯಲ್ಲೂ ಸಿಗುತ್ತಾರೆ. ಆ ಮಾತಿಗೆ ದುಡ್ಡು ಕೊಡಬೇಡಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ 4ರಂದು. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಕರಾಚಿಯ ಮೇಲೆ ನಮ್ಮ ನೌಕಾಪಡೆಯ ಮೊದಲ ದಾಳಿ ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿ. ಅಪ್ಪನ ಮದುವೆಯಲ್ಲಿ ಮಗ ಊಟಕ್ಕೆ ಬಡಿಸಿದ ಅಂದ ಹಾಗಾಯಿತು ಇದು. ಹಡಗು ನೋಡಲೇಬೇಕಾದ್ದು, ಅನುಮಾನವಿಲ್ಲ. ಆದರೆ ಅದನ್ನು ಅದರದೇ ಲೆಕ್ಕಕ್ಕೆ ನೋಡಬೇಕು.

ಸತ್ಯ ತಿಳಿಯಲು ಗೈಡ್ ಬೇಕಾಗಿಲ್ಲ, ಹೆಸರಿನ ಮೊದಲ ಅಕ್ಷರ ಸಾಕು. ಸೋವಿಯತ್ ದೇಶದಿಂದ ಮೊದಲು ಬಂದ ಎಂಟು ಕ್ಷಿಪಣಿ ದೋಣಿಗಳ ಹೆಸರು ವಿದ್ಯುತ್, ವಿಜೇತಾ, ವಿನಾಶ್, ವೀರ್, ನಿಪಾತ್, ನಾಶಕ್, ನಿರ್ಭೀಕ್, ನಿರ್ಘಾತ್. ವ ಮತ್ತು ನ. ಕರಾಚಿಗೆ ಹೋದವು ಇವುಗಳಲ್ಲೇ ಕೆಲವು: ಮೊದಲ ರಾತ್ರಿ ನಿಪಾತ್, ನಿರ್ಘಾತ್, ವೀರ್, ಡಿಸೆಂಬರ್ 8ರ ರಾತ್ರಿ ವಿನಾಶ್. ಆಮೇಲೆ ಬಂದ ಎಂಟಕ್ಕೆ ಪ್ರಚಂಡ್, ಪ್ರಳಯ, ಪ್ರಬಲ್, ಪ್ರತಾಪ್, ಚಮಕ್, ಚಪಲ್, ಚಾತಕ್, ಚರಾಗ್ ಎಂದು ಹೆಸರಿಟ್ಟರು. ಪ್ರ ಮತ್ತು ಚ.

ಹೆಸರು ಬೇಡವೆಂದರೆ ಹಡಗಿನ ಎರಡೂ ಮಗ್ಗುಲಿಗೆ ಇರುವ ಕ್ಷಿಪಣಿ ಗೂಡುಗಳನ್ನು ನೋಡಿ. ಚಪಲ್‌ನಲ್ಲಿ ಅವು ಉರುಟಾದ ಕೊಳವೆಗಳು. 1971ರ ದೋಣಿಗಳಲ್ಲಿ ಅವು ಬಾಗಿಲಿದ್ದ ಚೌಕ ಪೆಟ್ಟಿಗೆಗಳು. ಹಳೆಯ ಪಿ-15 ಕ್ಷಿಪಣಿಯ ರೆಕ್ಕೆ ಮಡಚುತ್ತಿರಲಿಲ್ಲ, ಚಾಚಿದ ರೆಕ್ಕೆಗೆ ಜಾಗ ಬೇಕಿತ್ತು, ಅದಕ್ಕೇ ಪೆಟ್ಟಿಗೆ. ರೆಕ್ಕೆ ಮಡಚುವ ಮಾದರಿ ಬಂದ ಮೇಲೆ ಕೊಳವೆ ಸಾಕಾಯಿತು. ಕರಾಚಿಯ ಹೊರಗೆ ಖೈಬರ್ ಎಂಬ ಪಾಕಿಸ್ತಾನದ ಡೆಸ್ಟ್ರಾಯರನ್ನು (ದೊಡ್ಡ ಯುದ್ಧನೌಕೆ) ಮುಳುಗಿಸಿದ್ದು ಪೆಟ್ಟಿಗೆಯ ಕ್ಷಿಪಣಿ. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟರುಗಳು ಇದೊಂದನ್ನು ತೋರಿಸಿದರೂ ಪ್ರವಾಸದ ಖರ್ಚು ವಸೂಲಿ.

ಇನ್ನು ಗಾತ್ರ. ವಿಜಯಪುರದವರಿಗೆ ಒಂದು ಅಳತೆಗೋಲು ಮನೆಯಲ್ಲೇ ಇದೆ. ಮಲಿಕ್-ಎ-ಮೈದಾನ್ ತೋಪು 55 ಟನ್. ಚಪಲ್ ಪೂರ್ತಿ ಸಾಮಾನು ಹೇರಿಕೊಂಡಾಗಲೂ ಸುಮಾರು 240 ಟನ್. ನಾಲ್ಕೂವರೆ ತೋಪುಗಳಷ್ಟು ತೂಕದಲ್ಲಿ ನಾಲ್ಕು ಕ್ಷಿಪಣಿ, ಹಿಂದೊಂದು ಮುಂದೊಂದು ಜೋಡಿ ನಳಿಗೆಯ 30 ಮಿ.ಮೀ. ಫಿರಂಗಿ, ರಾಡಾರ್, ಮೂರು ಎಂಜಿನ್, ಜನ, ಎಣ್ಣೆ ಎಲ್ಲ. ಉದ್ದ 38.6 ಮೀಟರ್. "ಯುದ್ಧನೌಕೆ" ಎಂಬ ಮಾತು ಕೇಳಿ ಬಂದವರು "ಇಷ್ಟೇನಾ" ಎಂದು ಮುಖ ಸಿಂಡರಿಸುವುದು ಇಲ್ಲೇ. ಆದರೆ ಆ ಚಿಕ್ಕತನವೇ ಇದರ ಹೂರಣ. ಒಂದೊಂದು ಕ್ಷಿಪಣಿಯ ತಲೆಯಲ್ಲಿ ಅರ್ಧ ಟನ್ನಿನ ಆಸುಪಾಸು ಸಿಡಿಮದ್ದು. 1967ರ ಅಕ್ಟೋಬರಿನಲ್ಲಿ ಈಜಿಪ್ಟಿನ ಇದಕ್ಕಿಂತಲೂ ಸಣ್ಣ ದೋಣಿಗಳು ಇದೇ ಜಾತಿಯ ಕ್ಷಿಪಣಿಯಿಂದ ಐಲಾಟ್ ಎಂಬ ಇಸ್ರೇಲಿ ಡೆಸ್ಟ್ರಾಯರನ್ನು ಮುಳುಗಿಸಿದ ಮೇಲೆ ದೊಡ್ಡ ತೋಪಿನ ದೊಡ್ಡ ಹಡಗೇ ಕಡಲಿನ ಯಜಮಾನ ಎಂಬ ನಂಬಿಕೆ ಅಲುಗಾಡಿತು.

ಎಂಜಿನ್ ಕೋಣೆ ಕಂಡಷ್ಟೂ ನೋಡಿ. ನಮ್ಮ ಕಡೆಯ ಟ್ರ್ಯಾಕ್ಟರಿಗೆ ಮೂರು ಸಿಲಿಂಡರ್. ಇಲ್ಲಿ ಒಂದೊಂದು ಡೀಸೆಲ್ ಎಂಜಿನ್ನಿಗೆ 56. ಎಂಟೆಂಟರ ಏಳು ಸಾಲುಗಳನ್ನು ಬಂಡಿ ಚಕ್ರದ ಅರೆಕಾಲಿನಂತೆ ಸುತ್ತ ಜೋಡಿಸಿದ್ದಾರೆ. ಒಂದಕ್ಕೆ 5,000 ಅಶ್ವಶಕ್ತಿ, ಮೂರಕ್ಕೆ 15,000. ಇಷ್ಟು ಶಕ್ತಿ ಚಿಕ್ಕ ಒಡಲಿನಲ್ಲಿದ್ದರೆ ಎಣ್ಣೆ ಬೇಗ ಮುಗಿಯುತ್ತದೆ, ಹಾಗಾಗಿ ದೂರದ ಪಯಣಕ್ಕೆ ಇವು ಹೇಳಿ ಮಾಡಿಸಿದವಲ್ಲ. 1971ರಲ್ಲಿ ಮೊದಲ ಎಂಟು ದೋಣಿಗಳು ಬಂದಾಗ ಮುಂಬಯಿಯಲ್ಲಿ ಅಷ್ಟು ಭಾರ ಎತ್ತುವ ಕ್ರೇನ್ ಇರಲಿಲ್ಲ; ಕಲ್ಕತ್ತೆಯಲ್ಲಿ ಇಳಿಸಿ, ಬೇರೆ ಹಡಗುಗಳಿಗೆ ಹಗ್ಗ ಕಟ್ಟಿ ಇಡೀ ದಕ್ಷಿಣ ತುದಿ ಸುತ್ತಿಸಿ ಎಳೆದು ತಂದರು.

ಒಳಗೆ ಇಳಿಯುವವರು ಗಮನಿಸಬೇಕಾದ್ದು: ಏಣಿ ನೆಟ್ಟಗಿದೆ, ಬಾಗಿಲುಗಳ ಹೊಸ್ತಿಲು ಮೊಣಕಾಲಿನ ಹತ್ತಿರಕ್ಕೆ ಬರುತ್ತವೆ, ತಲೆ ತಗ್ಗಿಸದಿದ್ದರೆ ಹಣೆಗೆ ಬುಗುಟು ಖಾತ್ರಿ. ಸೀರೆ, ಧೋತರ, ಹವಾಯಿ ಚಪ್ಪಲಿ ಮೂರೂ ತೊಂದರೆಯೇ. ಮೊಣಕಾಲು ನೋವಿನ ಹಿರಿಯರು ಹೊರಗಿನಿಂದ ನೋಡಿದರೂ ಮುಕ್ಕಾಲು ಪಾಲು ಸಿಗುತ್ತದೆ. ಮಾರ್ಚ್‌ನಿಂದ ಮೇ ವರೆಗೆ ಹನ್ನೊಂದರ ಮೇಲೆ ಉಕ್ಕಿನ ಡೆಕ್ಕು ರೊಟ್ಟಿ ಹಂಚಿನಂತೆ ಕಾಯುತ್ತದೆ. ಭಾನುವಾರ ಸಂಜೆ ಹೋಗಬೇಡಿ. ಬೀಚಿಗೆ ಬಂದ ಊರಿನ ಜನವೆಲ್ಲ ಹಡಗಿಗೂ ಬರುತ್ತಾರೆ, ಕಿರಿದಾದ ದಾರಿಯಲ್ಲಿ ಎದುರುಬದುರಾಗಿ ಸಿಕ್ಕಿಹಾಕಿಕೊಂಡರೆ ನೋಡುವುದು ಮುಂದಿನವರ ಬೆನ್ನನ್ನು ಮಾತ್ರ.

ಪಕ್ಕದಲ್ಲೇ ಟುಪೊಲೆವ್ ಟಿಯು-142 ವಿಮಾನವಿದೆ. 1988ರಿಂದ 2017ರ ಮಾರ್ಚ್ ವರೆಗೆ ನೌಕಾಪಡೆಯಲ್ಲಿದ್ದು ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಜಾತಿ. ಅರಕ್ಕೋಣಂನಿಂದ ಬಿಡಿಬಿಡಿಯಾಗಿ ರಸ್ತೆಯಲ್ಲಿ ಬಂದು ಇಲ್ಲಿ ಮತ್ತೆ ಜೋಡಣೆಯಾಯಿತು. ಸೆಲ್ಫಿಯವರು ಮೂತಿಯ ಮುಂದೆ ಸಾಲು ನಿಲ್ಲುತ್ತಾರೆ. ನೀವು ಎಂಜಿನ್ನಿನ ಕೆಳಗೆ ಹೋಗಿ. ಒಂದೊಂದರಲ್ಲೂ ಒಂದರ ಹಿಂದೆ ಒಂದು ಎರಡು ಪ್ರೊಪೆಲ್ಲರ್, ನಾಲ್ಕು ನಾಲ್ಕು ಅಲಗು. ಎರಡೂ ಎದುರು ದಿಕ್ಕಿಗೆ ತಿರುಗುತ್ತವೆ, ಆದ್ದರಿಂದ ಅಲಗುಗಳ ಓರೆಯೂ ಒಂದಕ್ಕೊಂದು ತಿರುಗುಮುರುಗು. ಸುಮಾರು 15,000 ಅಶ್ವಶಕ್ತಿಯನ್ನು ಒಂದೇ ಪ್ರೊಪೆಲ್ಲರಿಗೆ ಉಣಿಸಿದರೆ ಅದು ನೆಲಕ್ಕೆ ತಾಗುವಷ್ಟು ದೊಡ್ಡದಾಗಬೇಕಿತ್ತು. ಚಪಲ್‌ನ ಮೂರೂ ಎಂಜಿನ್ ಸೇರಿದಷ್ಟು ಶಕ್ತಿ ಇಲ್ಲಿ ಒಂದರಲ್ಲೇ ಇದೆ. ಹಡಗಿನಿಂದ ಇಳಿದು ನೇರ ಇಲ್ಲಿಗೆ ಬಂದವರಿಗೆ ಈ ಲೆಕ್ಕ ಮನಸ್ಸಿಗೆ ಹಿಡಿಯುತ್ತದೆ.

ಊಟದ ವಿಷಯಕ್ಕೆ ಬರೋಣ. ಬೀಚಿನ ಎದುರಿನ ಎಸಿ ಹೋಟೆಲುಗಳನ್ನು ಬಿಟ್ಟು ಬಸ್ ನಿಲ್ದಾಣದ ಹಿಂದಿನ ಗಲ್ಲಿಗಳಿಗೆ ಹೋಗಿ. ನಾಲ್ಕೈದು ಮೇಜಿನ, ಬೋರ್ಡಿನ ಬಣ್ಣ ಹಾರಿದ ಮೀನೂಟದ ಖಾನಾವಳಿಗಳಿವೆ. ಕುಚ್ಚಲಕ್ಕಿ ಅನ್ನ, ಬಾಂಗಡೆ ಸಾರು, ತೆಂಗಿನಕಾಯಿ ಹಾಕಿದ ತಿಸ್ರೆ ಸುಕ್ಕ, ಒಣ ಸಿಗಡಿಯ ಕಿಸ್ಮೂರ್, ಕೊನೆಗೆ ಸೋಲ್ ಕಡಿ. ಸಾರು ಎರಡನೇ ಸಲ ಕೇಳಿದರೂ ಮುಖ ಸಿಟ್ಟಾಗುವುದಿಲ್ಲ. ರವೆ ಹಚ್ಚಿ ಕಾವಲಿಯ ಮೇಲೆ ಹುರಿದ ತುಂಡಿಗೆ ಮಾತ್ರ ಬೇರೆ ದುಡ್ಡು, ಅದನ್ನು ಮೊದಲೇ ಕೇಳಿಕೊಳ್ಳಿ. ಹನ್ನೆರಡೂವರೆಗೆ ಕೂತರೆ ಎಲ್ಲ ಸಿಗುತ್ತದೆ, ಎರಡಕ್ಕೆ ಹೋದರೆ ಸಾರಿನ ತಳ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ; ಆಗ ತಟ್ಟೆಗೆ ಬರುವುದು ಹೆಚ್ಚಾಗಿ ಮಂಜುಗಡ್ಡೆಯ ಮೀನು. ಶಾಕಾಹಾರಿಗಳು ಬೆಳಗ್ಗೆ ಬನ್ಸ್ ಮತ್ತು ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿಯನ್ನು ಗಟ್ಟಿಯಾಗಿ ತಿಂದುಬಿಡಿ. ಮಧ್ಯಾಹ್ನ ಜೋಳದ ರೊಟ್ಟಿ ಹುಡುಕುವ ಹಟ ಬೇಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟಿನಲ್ಲಿರಲಿ.

ದಾರಿ. ಬೆಳಗಾವಿಯವರಿಗೆ ಖಾನಾಪುರ, ರಾಮನಗರ, ಜೋಯಿಡಾ, ಅಣಶಿ ಘಾಟು, ಕದ್ರಾ ಮೂಲಕ ಹೋಗುವುದು ಹತ್ತಿರ. ಮಳೆಗಾಲದಲ್ಲಿ ಗುಡ್ಡ ಜರಿದು ಅಣಶಿ ಮುಚ್ಚುವುದುಂಟು, ಆಗ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಸುತ್ತು. ಬಾಗಲಕೋಟೆ, ವಿಜಯಪುರದವರಿಗೆ ಯಾವಾಗಲೂ ಈ ಸುತ್ತೇ ಸರಿ. ಅರಬೈಲು ಘಾಟಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಎರಡು ತಾಸು ಹೋಯಿತು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಅಂಕೋಲಾದಿಂದ ಬರುವಾಗ ಅರ್ಗಾ, ಬಿಣಗಾ ಹತ್ತಿರ ಉದ್ದಕ್ಕೂ ಕಾಣುವ ಗೋಡೆ ನೌಕಾನೆಲೆಯದು, ಐಎನ್‌ಎಸ್ ಕದಂಬ. ಕಿಟಕಿಯಿಂದ ಮೊಬೈಲ್ ಹೊರಗೆ ಹಿಡಿಯಬೇಡಿ. ಅಂಜುದೀವ್ ದ್ವೀಪವೂ ಈಗ ನೆಲೆಯ ಭಾಗ, ಹೋಗಲಾಗದು. 1961ರ ಡಿಸೆಂಬರಿನ ಗೋವಾ ಕಾರ್ಯಾಚರಣೆಯಲ್ಲಿ ಆ ದ್ವೀಪಕ್ಕೆ ಇಳಿದ ನೌಕಾಪಡೆಯ ಏಳು ಮಂದಿ ಅಲ್ಲಿ ಪ್ರಾಣ ಬಿಟ್ಟರು. ಅವರ ಬೆನ್ನಿಗೆ ತೋಪು ಹಾರಿಸಲು ನಿಂತಿದ್ದ ಕ್ರೂಸರಿನ ಹೆಸರು ಮೈಸೂರು.

ನೌಕಾವಿಮಾನಗಳ ವಸ್ತುಸಂಗ್ರಹಾಲಯ ಇರುವುದು ಗೋವಾದಲ್ಲಿ, ವಾಸ್ಕೋ ಹತ್ತಿರ. ಅಲ್ಲಿಗೆ ಕಾರವಾರದಿಂದ ರೈಲು ಹಿಡಿಯಿರಿ, ಮಡಗಾಂವಿಗೆ ಒಂದು ತಾಸಿನ ಮಾತು. ನಿಲ್ದಾಣ ಊರಾಚೆ ಶಿರವಾಡದಲ್ಲಿದೆ, ರಿಕ್ಷಾ ದರ ಹತ್ತುವ ಮೊದಲೇ ಮಾತಾಡಿ. ರಸ್ತೆಯಲ್ಲಿ ಹೋಗುವವರಿಗೆ ಕಾಳಿ ನದಿ ದಾಟಲು ಹೊಸ ಸೇತುವೆಯಷ್ಟೇ ಆಸರೆ. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು.

ಬೆಳಗಾವಿಯಿಂದ ನೇರ ಗೋವಾಕ್ಕೆ ರಾತ್ರಿ ಬಸ್ ಹಿಡಿಯುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಟಿಕೆಟ್ಟಿನಲ್ಲಿ "ವಾಸ್ಕೋ" ಎಂದಿದ್ದರೂ ಖಾಸಗಿ ಸ್ಲೀಪರುಗಳು ಪಣಜಿಯಲ್ಲಿ ನಸುಕಿಗೇ ಇಳಿಸಿ ಮುಂದಿನ ಗಾಡಿ ಬರುತ್ತದೆ ಎಂದು ಹೇಳಿ ಹೊರಟುಬಿಡುವುದುಂಟು. ಆ ಮುಂದಿನ ಗಾಡಿ ಬರುವುದಿಲ್ಲ. ಕಣಕುಂಬಿ ದಾಟಿದ ಮೇಲೆ ಚೋರ್ಲಾ ಘಾಟಿನ ತಿರುವುಗಳಲ್ಲಿ ಮೇಲಿನ ಬರ್ತಿನವರು ಕಂಬಿ ಹಿಡಿದುಕೊಂಡೇ ಮಲಗಬೇಕು, ಕೊನೆಯ ಸಾಲಿನವರಿಗೆ ನಿದ್ದೆಯ ಮಾತೇ ಇಲ್ಲ. ಹಗಲು ಬಸ್ಸು, ಮುಂದಿನ ಸೀಟು, ಪಣಜಿಯಿಂದ ವಾಸ್ಕೋಗೆ ಕದಂಬ ಸಾರಿಗೆಯ ಬಸ್ಸು: ಇದು ಅಗ್ಗ, ಮೈಗೂ ಹಿತ.

ನೌಕಾ ವಿಮಾನ ವಸ್ತುಸಂಗ್ರಹಾಲಯ ಇರುವುದು ದಾಬೋಲಿಂ ವಿಮಾನ ನಿಲ್ದಾಣದ ಹತ್ತಿರ, ಬೋಗಮಾಳೊ ರಸ್ತೆಯಲ್ಲಿ. ಸೋಮವಾರ ರಜೆ. ಶನಿವಾರ, ಭಾನುವಾರ ಕಾರವಾರ ಮುಗಿಸಿ ಸೋಮವಾರ ಇಲ್ಲಿಗೆ ಬಂದು ಗೇಟು ನೋಡಿ ಹೋಗುವವರು ನಮ್ಮ ಕಡೆಯವರೇ ಹೆಚ್ಚು. ಗುರುವಾರ ಕಾರವಾರ, ಶುಕ್ರವಾರ ದಾಬೋಲಿಂ ಎಂದಿಟ್ಟುಕೊಳ್ಳಿ. ಎರಡೂ ಕಡೆ ಗದ್ದಲ ಕಡಿಮೆ.

ಒಳಾಂಗಣದ ಮಾದರಿ ಹಡಗು, ಫೋಟೊಗಳಿಗೆ ಅರ್ಧ ತಾಸು ಸಾಕು. ಹೊರಗಿನ ಬಯಲಿಗೆ ಎರಡು ತಾಸು ಕೊಡಿ. ಸೀ ಹಾಕ್ ಜೆಟ್ಟಿನ ಬಾಲದಲ್ಲಿ ಹೊಗೆಕೊಳವೆ ಹುಡುಕಿ, ಸಿಗುವುದಿಲ್ಲ. ಬಿಸಿಗಾಳಿ ಎರಡಾಗಿ ಸೀಳಿ ರೆಕ್ಕೆಯ ಬುಡದ ಹಿಂಬದಿಯಿಂದ ಹೊರಡುತ್ತಿತ್ತು, ಬಾಲದ ಜಾಗ ಎಣ್ಣೆಗೆ ಉಳಿಯುತ್ತಿತ್ತು. 1971ರಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್‌ನಿಂದ ಎದ್ದು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದ್ದು ಇವೇ, ಜೊತೆಗೆ ಅಲಿಝೆ ಎಂಬ ಪ್ರೊಪೆಲ್ಲರ್ ವಿಮಾನಗಳು. ಆಗ ವಿಕ್ರಾಂತ್‌ನ ಒಂದು ಬಾಯ್ಲರ್ ಬಿರುಕು ಬಿಟ್ಟು ಹಡಗಿನ ವೇಗ ತಗ್ಗಿತ್ತು. ಎದುರುಗಾಳಿ ಕಡಿಮೆಯಾದಷ್ಟೂ ವಿಮಾನ ಎಬ್ಬಿಸುವುದು ಕಷ್ಟ, ಹಾಗಾಗಿ ಆ ದಾಳಿಗಳ ಬೆಲೆ ಕಾಗದದಲ್ಲಿ ಕಾಣುವುದಕ್ಕಿಂತ ಹೆಚ್ಚು. ಅಲಿಝೆಯ ಮಡಚುವ ರೆಕ್ಕೆಯ ಕೀಲು, ಬಾಲದ ಕೆಳಗಿನ ಕೊಕ್ಕೆ ಎರಡನ್ನೂ ನೋಡಿ. ಹಡಗಿನ ಮೇಲೆ ಜಾಗದ ಬರ, ಓಟದ ಬರ. ಕೀಲು ಮೊದಲನೆಯದಕ್ಕೆ, ಕೊಕ್ಕೆ ಎರಡನೆಯದಕ್ಕೆ.

ಸೀ ಹ್ಯಾರಿಯರ್ ಮುಂದೆ ಜನ ಜಾಸ್ತಿ. ಮಗ್ಗುಲಿನ ನಾಲ್ಕು ತಿರುಗುವ ಬಾಯಿಗಳನ್ನು ನೋಡಿ ಮುಂದೆ ನಡೆಯಿರಿ. ಕಾಮೊವ್-25 ಹೆಲಿಕಾಪ್ಟರಿಗೆ ಬಾಲದ ಪಂಖವೇ ಇಲ್ಲ. ಮೇಲಿನ ಎರಡು ಪಂಖಗಳು ಎದುರುಬದುರು ತಿರುಗುತ್ತವೆ, ಕಾರವಾರದ ಟುಪೊಲೆವ್‌ನ ಉಪಾಯವೇ, ಆದರೆ ಇಲ್ಲಿ ಹಡಗಿನ ಸಣ್ಣ ಗೂಡಿಗೆ ಹಿಡಿಸಲು ಬಾಲ ಮೊಟಕು ಮಾಡುವ ಸಲುವಾಗಿ. ಮೂಲೆಯ ಪುಟ್ಟ ಸೀಲ್ಯಾಂಡನ್ನು ಯಾರೂ ನೋಡುವುದಿಲ್ಲ. ನೀರಿನ ಮೇಲೂ ನೆಲದ ಮೇಲೂ ಇಳಿಯುವ ಈ ಜಾತಿಯಿಂದಲೇ 1953ರಲ್ಲಿ ಕೊಚ್ಚಿಯಲ್ಲಿ ನಮ್ಮ ನೌಕಾ ವಿಮಾನಯಾನ ಶುರುವಾದದ್ದು. ಕೊನೆಗೆ ಸೂಪರ್ ಕಾನ್‌ಸ್ಟೆಲೇಶನ್: ಏರ್ ಇಂಡಿಯಾದ ಪ್ರಯಾಣಿಕರನ್ನು ಹೊತ್ತು, ವಾಯುಪಡೆಗೆ ಹೋಗಿ, 1976ರಲ್ಲಿ, ಅಂದರೆ ಚಪಲ್ ಸೇರಿದ ವರ್ಷವೇ, ನೌಕಾಪಡೆಗೆ ಬಂದ ಮುದುಕಿ. ಬಾಲಕ್ಕೆ ಮೂರು ರೆಕ್ಕೆ ಯಾಕೆಂದರೆ ಎತ್ತರದ ಒಂದೇ ರೆಕ್ಕೆಯಾದರೆ ಆ ಕಾಲದ ಹ್ಯಾಂಗರ್ ಬಾಗಿಲಿಗೆ ತಾಗುತ್ತಿತ್ತು.

ಬೋಗಮಾಳೊದಲ್ಲಿ ಕೋಣೆ ಮಾಡಬೇಡಿ. ಕಡಲ ನೋಟದ ಕೋಣೆ ಎಂದು ಕೊಟ್ಟಲ್ಲಿ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಟಾಂಕಿ, ಬಿಸಿನೀರಿಗೆ ಬೇರೆ ಬಿಲ್ಲು, ವಿಮಾನದ ಸದ್ದು ಮಾತ್ರ ಪುಕ್ಕಟೆ. ವಾಸ್ಕೋ ರೈಲು ನಿಲ್ದಾಣದ ಸುತ್ತಲಿನ ಸಾದಾ ಲಾಡ್ಜುಗಳು ಅದರ ಅರ್ಧಕ್ಕೆ ಸಿಗುತ್ತವೆ. ಫ್ಯಾನು ತಿರುಗುತ್ತದೆಯೇ ಎಂದು ಹಾಕಿ ನೋಡಿ ಬೀಗದ ಕೈ ತೆಗೆದುಕೊಳ್ಳಿ. ಬೆಳಗಾವಿಗೆ ಮರಳಲು ವಾಸ್ಕೋದಿಂದಲೇ ಹೊರಡುವ ಗೋವಾ ಎಕ್ಸ್‌ಪ್ರೆಸ್ ಇದೆ. ಲೋಂಡಾ ಮೂಲಕ ಬರುವುದರಿಂದ ಹುಬ್ಬಳ್ಳಿ ಕಡೆಯವರು ಅಲ್ಲೇ ಇಳಿದು ಬೇರೆ ಗಾಡಿ ಹಿಡಿಯಬಹುದು.