ಬ್ಯಾಟರಿಗೆ ನೀರು ಹಾಕೋರು ಯಾರು?

ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ನಾನು ಪ್ರೋಗ್ರಾಂ ಮ್ಯಾನೇಜರ್. ಗುತ್ತಿಗೆ ನೌಕರಿ, ಆದರೆ ತಾಲ್ಲೂಕಿಗೆ ಬರುವ ಯೋಜನೆಗಳ ಫೈಲೆಲ್ಲಾ ನನ್ನ ಟೇಬಲ್ ಮೇಲೇ ಹಾದುಹೋಗುತ್ತವೆ.

ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ದಾನಿಗಳ ಹಣದಲ್ಲಿ ಸೋಲಾರ್ ಹಾಕಿಸಿದೆವು. ಲೇಬರ್ ರೂಮಿನ ದೀಪಕ್ಕೆ, ಲಸಿಕೆ ಇಡುವ ಐಎಲ್‌ಆರ್ ಫ್ರಿಜ್‌ಗೆ ಕರೆಂಟ್ ಹೋದರೂ ತೊಂದರೆ ಆಗಬಾರದು ಅಂತ. ಉದ್ಘಾಟನೆ ಆಯಿತು, ಕಲ್ಲು ನೆಟ್ಟರು, ಫೋಟೋ ಬಂತು. ‘ಕಾಮಗಾರಿ ಪೂರ್ಣ’ ಅಂತ ವರದಿಯಲ್ಲಿ ಬರೆದವನು ನಾನೇ.

ಎರಡನೇ ಮಳೆಗಾಲದಲ್ಲಿ ಸಿಸ್ಟರ್ ಫೋನ್ ಮಾಡಿದರು. “ಸರ್, ಸೋಲಾರ್ ಇರೋದು ಹೆಸರಿಗೆ ಮಾತ್ರ. ನಿನ್ನೆ ರಾತ್ರಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಹೆರಿಗೆ ಮಾಡಿಸಿದ್ವಿ.”

ಹೋಗಿ ನೋಡಿದೆ. ಬ್ಯಾಟರಿ ಮುಚ್ಚಳದ ಮೇಲಿನ ಫ್ಲೋಟ್‌ಗಳೆಲ್ಲಾ ತಳಕ್ಕಿಳಿದಿದ್ದವು. ಅಂದರೆ ಒಳಗೆ ನೀರಿಲ್ಲ. ಟರ್ಮಿನಲ್ ಸುತ್ತ ಬಿಳಿ ಪುಡಿ. ಮೇಲೆ ಪ್ಯಾನೆಲ್‌ಗಳ ಮೇಲೆ ಧೂಳಿನ ಜೊತೆ ಪಾರಿವಾಳದ ಹಿಕ್ಕೆ. ಚಳಿಗಾಲದಲ್ಲಿ ಯಾರೋ ನೀರು ಕಾಯಿಸುವ ಕಾಯಿಲನ್ನೂ ಅದೇ ಲೈನಿಗೆ ಹಾಕಿದ್ದರಂತೆ! ಉದ್ಘಾಟನೆ ಕಲ್ಲು ಮಾತ್ರ ಚೆನ್ನಾಗಿ ಹೊಳೆಯುತ್ತಿತ್ತು.

ಯಾರನ್ನು ಬೈಯೋದು? ತರಬೇತಿ ಪಡೆದ ಡಾಕ್ಟರ್‌ಗೆ ವರ್ಗಾವಣೆ ಆಗಿತ್ತು. ಕಂಪನಿಯ ಉಚಿತ ಸರ್ವಿಸ್ ಮುಗಿದಿತ್ತು. ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ ದುಡ್ಡು ಯಾವ ಲೆಕ್ಕದಲ್ಲಿ ಹಾಕಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಲಕ್ಷಗಟ್ಟಲೆ ಬೆಲೆಯ ಉಪಕರಣ, ಒಂದು ಕ್ಯಾನ್ ನೀರಿಗೆ ಗತಿಯಿಲ್ಲ. ಅದನ್ನು ಮೊದಲೇ ಕೇಳಬೇಕಾದವನು ನಾನೇ ಅಲ್ವಾ?

ಹೊಸ ಬ್ಯಾಟರಿಗೆ ಓಡಾಡಿದ ಕಥೆ ಬೇಡ, ಅದು ಸರ್ಕಾರಿ ಕಥೆ. ಆಮೇಲೆ ಮಾಡಿದ್ದು ಸಣ್ಣ ಕೆಲಸ. ಐಎಲ್‌ಆರ್ ಉಷ್ಣಾಂಶವನ್ನು ದಿನಕ್ಕೆ ಎರಡು ಸಲ ಬರೆದಿಡಬೇಕು, 2ರಿಂದ 8 ಡಿಗ್ರಿ ಒಳಗೇ ಇರಬೇಕು. ಭಾನುವಾರವೂ ತಪ್ಪುವಂತಿಲ್ಲ. ಹೊಸ ರಿಜಿಸ್ಟರ್ ಕೊಟ್ಟರೆ ಸುಮ್ನೆ ಮೂಲೆ ಸೇರುತ್ತೆ. ಅದಕ್ಕೆ ಆ ಉಷ್ಣಾಂಶದ ಪುಸ್ತಕದಲ್ಲೇ ಎರಡು ಕಾಲಂ ಎಳೆಸಿದೆ: ಬ್ಯಾಟರಿ ನೀರು, ಪ್ಯಾನೆಲ್ ತೊಳೆದದ್ದು. ಸೋಲಾರ್ ಲೈನಿನ ಸಾಕೆಟ್‌ಗಳಿಗೆ ಕೆಂಪು ಬಣ್ಣ ಬಳಿಸಿದೆವು. ನೀರಿನ ಖರ್ಚನ್ನು ಆಸ್ಪತ್ರೆಯ ಸಣ್ಣಪುಟ್ಟ ಖರ್ಚು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ನಿರ್ಣಯ ಮಾಡಿಸಿದೆವು. ತರಬೇತಿ ಕೊಟ್ಟಿದ್ದು ಡಿ ಗ್ರೂಪ್ ನೌಕರನಿಗೆ. ಅದೇ ಊರಿನವನು, ಬೇಗ ವರ್ಗಾವಣೆ ಆಗಲ್ಲ.

ಈಗ ಯಾವ ಫೈಲ್ ಬಂದರೂ ಮೊದಲು ನೋಡೋದು ಖರೀದಿ ಬೆಲೆಯಲ್ಲ. ವಾರಂಟಿ ಮುಗಿದ ಮೇಲೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ದುಡ್ಡು ಎಲ್ಲಿಂದ, ಐದಾರು ವರ್ಷಕ್ಕೆ ಹೊಸ ಬ್ಯಾಟರಿ ಯಾವ ಅನುದಾನದಲ್ಲಿ ಅಂತ ಕೇಳುತ್ತೇನೆ. ಉತ್ತರ ಇಲ್ಲದಿದ್ದರೆ ಫೈಲ್ ವಾಪಸ್. ಇದಕ್ಕೆ ಮೇಲಿನವರಿಂದ ಬೈಸಿಕೊಂಡಿದ್ದೂ ಇದೆ.

ಹೋದ ವಾರ ಆ ಪಿಎಚ್‌ಸಿಗೆ ಹೋಗಿದ್ದೆ. ಪುಸ್ತಕ ತೆಗೆದು ನೋಡಿದರೆ ಒಂದು ಸೋಮವಾರದ ಸಾಲಿನಲ್ಲಿ ಆ ಡಿ ಗ್ರೂಪ್ ನೌಕರ ದೊಡ್ಡ ಅಕ್ಷರದಲ್ಲಿ ಬರೆದಿದ್ದ: “ತೊಳೆದಿಲ್ಲ. ಏಣಿ ಪಂಚಾಯ್ತಿಯವರು ಒಯ್ದಿದ್ದಾರೆ.”