ಲ್ಯಾಬ್ರಡಾರ್ ಗುಡ್ಡದಲ್ಲಿ ಅಪ್ಪನ ಜೊತೆ

15 ಫೆಬ್ರವರಿ 2026, ಭಾನುವಾರ
ಸಿಂಗಪುರ

ಶಿವರಾತ್ರಿಯ ಉಪವಾಸ. ಹಾಲು, ಎರಡು ಬಾಳೆಹಣ್ಣು ಬಿಟ್ಟರೆ ಅಪ್ಪ ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ಆದರೂ ನಾಲ್ಕು ಗಂಟೆಗೇ ಟೋಪಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು. ಮೈಸೂರಿನಿಂದ ಬಂದು ಮೂರು ವಾರವಾಯಿತು. “ಕಟ್ಟಡ ನೋಡಿದ್ದು ಸಾಕು, ಮರ ಇರುವ ಕಡೆ ಕರೆದುಕೊಂಡು ಹೋಗಮ್ಮ” ಎನ್ನುತ್ತಲೇ ಇದ್ದರು.

ಮೆಟ್ರೊ ಇಳಿದ ಕೂಡಲೇ ಬೆರ್ಲಾಯರ್ ತೊರೆಯ ಪಕ್ಕದ ಹಲಗೆಯ ಹಾದಿ. ನೀರು ಇಳಿದಿತ್ತು. ಕಾಂಡ್ಲಾ ಬೇರುಗಳ ನಡುವೆ ಬೆರಳುದ್ದದ ಮೀನೊಂದು ಈಜುರೆಕ್ಕೆಗಳನ್ನೇ ಮೊಣಕೈಯಂತೆ ಊರಿ ಕೆಸರಿನ ಮೇಲೆ ತೆವಳುತ್ತಿತ್ತು. ಅಪ್ಪ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಗುಡ್ಡದ ಮೇಲಿರುವುದು ಪಾಸಿರ್ ಪಂಜಾಂಗ್ ಕೋಟೆ. ಬಂದರಿನ ಪಶ್ಚಿಮ ದ್ವಾರ ಕಾಯಲು ಬ್ರಿಟಿಷರು 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಹಳೆಯ ಗೋಡೆಯನ್ನು ಮರದ ಬೇರುಗಳು ಅಪ್ಪಿ ಹಿಡಿದಿವೆ. “ಶ್ರೀರಂಗಪಟ್ಟಣದಲ್ಲೂ ಹೀಗೆಯೇ ಅಲ್ಲವೇ” ಎಂದು ಅಪ್ಪ ಒಂದು ಬೇರನ್ನು ಸವರಿದರು.

ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ಆರು ಇಂಚಿನ ಎರಡು ಫಿರಂಗಿಗಳಿದ್ದವು. ಸಿಂಗಪುರದ ಫಿರಂಗಿಗಳೆಲ್ಲ ತಪ್ಪು ದಿಕ್ಕಿಗೆ ಮುಖ ಮಾಡಿದ್ದವು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ನನಗದು ಸರಿಯೆನಿಸುವುದಿಲ್ಲ. ಹಲವು ಫಿರಂಗಿಗಳನ್ನು ನೆಲದ ಕಡೆಗೂ ತಿರುಗಿಸಬಹುದಿತ್ತು, ತಿರುಗಿಸಿದರು ಕೂಡ. ಆದರೆ ದಾಸ್ತಾನಿನಲ್ಲಿ ಇದ್ದದ್ದು ಹೆಚ್ಚಾಗಿ ಹಡಗಿನ ಉಕ್ಕನ್ನು ಸೀಳುವ ಗುಂಡುಗಳು; ಕಾಡಿನೊಳಗೆ ಚದುರಿ ಬರುವ ಸೈನಿಕರ ಮುಂದೆ ಅವು ಹೆಚ್ಚು ಕೆಲಸಕ್ಕೆ ಬರಲಿಲ್ಲ. 1942ರ ಫೆಬ್ರವರಿ 8ರ ರಾತ್ರಿ ಜಪಾನೀಯರು ಬಂದದ್ದು ಈ ಕಡಲಿನಿಂದಲ್ಲ, ಉತ್ತರದ ಜೊಹೊರ್ ಜಲಸಂಧಿ ದಾಟಿ. 14ರಂದು, ಇಲ್ಲಿಂದ ಹೆಚ್ಚು ದೂರವಿಲ್ಲದ ಬುಕಿಟ್ ಚಂಡು ದಿಬ್ಬದಲ್ಲಿ, ಮಲಯ ರೆಜಿಮೆಂಟಿನವರು ಕೈಕೈ ಮಿಲಾಯಿಸಿ ಹೋರಾಡಿ ಸತ್ತರು. ಮರುದಿನ ಸಂಜೆ ಬ್ರಿಟಿಷ್ ಸೇನಾಪತಿ ಪರ್ಸಿವಲ್ ಶರಣಾಗತಿಗೆ ಸಹಿ ಹಾಕಿದ. ಅಂದೂ ಭಾನುವಾರ, ಚೀನೀಯರ ಹೊಸ ವರ್ಷದ ಮೊದಲ ದಿನ. ಆಗ ಹುಟ್ಟಿದ್ದು ಕುದುರೆಯ ವರ್ಷ. ನಾಡಿದ್ದು ಮತ್ತೆ ಕುದುರೆಯ ವರ್ಷವೇ ಶುರುವಾಗುತ್ತದೆ.

ಕೆಳಗೆ ನೀರಿನಂಚಿನಲ್ಲಿ ಕಾಂಕ್ರೀಟಿನ ಒಂದು ಕಾವಲುಗೂಡು ಉಳಿದಿದೆ. ಅದರ ಗುಂಡು ಹಾರಿಸುವ ಸಂದಿ ನನ್ನ ಅಂಗೈಗಿಂತ ಸ್ವಲ್ಪ ಅಗಲ, ಅಷ್ಟೆ. ಅದರಾಚೆ ತೈಲದ ಹಡಗುಗಳು ಸಾಲಾಗಿ ನಿಂತಿದ್ದವು.

ಶರಣಾದವರಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳವೂ ಇತ್ತು ಎಂದು ನಾನು ಹೇಳಿದ್ದು ಅಲ್ಲಿ ಕುಳಿತಾಗ. ಅಪ್ಪ ಥಟ್ಟನೆ ತಿರುಗಿದರು. “ನಮ್ಮ ಮೈಸೂರಿನವರೇ?” ಇಷ್ಟು ವರ್ಷ ಆ ಊರಿನಲ್ಲಿದ್ದರೂ ಈ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

ಹೊರಡುವಷ್ಟರಲ್ಲಿ 6.20. ಶರಣಾಗತಿಯ ನೆನಪಿಗೆ ಪ್ರತಿವರ್ಷ ಈ ದಿನ ಮೊಳಗುವ ಸೈರನ್ ಕೂಗಿತು. ಅಪ್ಪ ಟೋಪಿ ತೆಗೆದು, ಅದು ನಿಲ್ಲುವವರೆಗೆ ನಿಂತಲ್ಲೇ ನಿಂತರು. ಬಳಿಕ ಹೇಳಿದರು: “ಹೇಗೂ ಇವತ್ತು ಜಾಗರಣೆ. ಅವರ ವಿಷಯ ನಿನಗೆ ತಿಳಿದಷ್ಟನ್ನೂ ಹೇಳು.”

ಈಗ ರಾತ್ರಿ ಹನ್ನೊಂದು. ಅವರು ನೋಟ್‌ಬುಕ್ ಹಿಡಿದು ಹಾಲ್‌ನಲ್ಲಿ ಕಾಯುತ್ತಿದ್ದಾರೆ.